ಉಳಿ, ಗರಗಸ, ಗುಣಿಯಾ: ನಮ್ಮ ಊರುಗಳ ಮರಗೆಲಸದ ಕಥೆ

ನಮ್ಮ ಡೊಂಬಿವಲಿ, ಕಲ್ಯಾಣದ ಫ್ಲ್ಯಾಟುಗಳಲ್ಲಿ ಮಂಚ, ಕಪಾಟು, ಶೋಕೇಸ್ ಎಲ್ಲಿಂದ ಬಂದವು ಎಂದು ಕೇಳಿದರೆ ಹೆಚ್ಚಿನವರ ಉತ್ತರ ಎರಡೇ. ಒಂದು, "ಉಲ್ಲಾಸನಗರದಿಂದ ತಂದೆವು". ಇನ್ನೊಂದು, "ಮಿಸ್ತ್ರಿ ಮನೆಗೇ ಬಂದು ಒಂದು ತಿಂಗಳು ಕೂತು ಮಾಡಿಕೊಟ್ಟ". ಆ ಒಂದು ತಿಂಗಳು ಮನೆ ತುಂಬ ಹೊಟ್ಟು, ಫೆವಿಕಾಲ್ ವಾಸನೆ, ಮಿಸ್ತ್ರಿಗೆ ದಿನಕ್ಕೆ ನಾಲ್ಕು ಸಲ ಚಹಾ. ಚಹಾ ಮಾಡಿ ಕೊಟ್ಟವರು ನಮ್ಮ ಅಮ್ಮಂದಿರು. ಆದರೆ ಆ ಮಿಸ್ತ್ರಿಯ ಕೈಯಲ್ಲಿದ್ದ ಸಾಮಾನುಗಳ ಹೆಸರು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಾನು ಇತಿಹಾಸ ಓದಿದವಳಲ್ಲ. ಎಂ.ಟೆಕ್. ಮಾಡಿ ಐರೋಲಿಯಲ್ಲಿ ಐಟಿ ಕೆಲಸದಲ್ಲಿದ್ದೇನೆ. ಕಳೆದ ಮಳೆಗಾಲದಿಂದ ಶನಿವಾರಗಳಂದು ನವಿ ಮುಂಬಯಿಯ ಎಂಐಡಿಸಿಯ ಒಂದು ಗಾಳಾದಲ್ಲಿ ಮರಗೆಲಸದ ಮೊದಲ ಪಾಠಗಳನ್ನು ಕಲಿಯುತ್ತಿದ್ದೇನೆ. ನಾವು ಎಂಟು ಜನ, ಅದರಲ್ಲಿ ಮೂವರು ಹೆಂಗಸರು. ಅಲ್ಲಿ ಹುಟ್ಟಿದ ಪ್ರಶ್ನೆಗಳ ಬೆನ್ನು ಹತ್ತಿ ಲೈಬ್ರರಿಯಲ್ಲಿ ಕೂತಾಗ ಸಿಕ್ಕಿದ್ದನ್ನು ಮಹಿಳಾ ವಿಭಾಗದ ಗೆಳತಿಯರ ಜೊತೆ ಹಂಚಿಕೊಳ್ಳಬೇಕು ಅನ್ನಿಸಿತು. ಏಕೆಂದರೆ ಈ ಕಥೆ ಬಹುಪಾಲು ನಡೆದದ್ದು ನಮ್ಮ ಲೋಕಲ್ ರೈಲಿನ ಸ್ಟೇಷನ್ನುಗಳ ಆಸುಪಾಸಿನಲ್ಲೇ. ಅದರ ಒಂದು ತುದಿ ನಮ್ಮ ಕನ್ನಡ ನಾಡಿನ ಕಾಡಿನಲ್ಲಿದೆ.

ಮೊದಲು ಪದಗಳನ್ನು ನೋಡೋಣ, ಪದಗಳಲ್ಲೇ ಅರ್ಧ ಇತಿಹಾಸ ಇರುತ್ತದೆ. ಮಣೆ, ಮಂಚ, ತೊಟ್ಟಿಲು, ಪೆಟ್ಟಿಗೆ, ಈಳಿಗೆಮಣೆ, ಹಲಗೆ. ಇವೆಲ್ಲ ನಮ್ಮಲ್ಲಿ ಬಹಳ ಹಳೆಯ ಮಾತುಗಳು, ಎಲ್ಲವೂ ನೆಲಕ್ಕೆ ಹತ್ತಿರದ ವಸ್ತುಗಳು. ಕುರ್ಚಿ ಅರಬ್ಬಿ-ಪಾರಸಿಯಿಂದ ಮರಾಠಿಯ ದಾರಿಯಾಗಿ ಬಂತು. ಅಲಮಾರು ಪೋರ್ಚುಗೀಸರ ಅರ್ಮಾರಿಯೊ. ಅದರ ಬೀಗದ ಚಾವಿಯೂ ಅವರದೇ. ಬೆಂಚು, ಸ್ಟೂಲು, ಟೇಬಲ್ಲು ಇಂಗ್ಲಿಷಿನವು. ಕಪಾಟು ಮಾತ್ರ ಸಂಸ್ಕೃತದ್ದು, ಆದರೆ ಅಲ್ಲಿ ಅದರ ಅರ್ಥ ಬಾಗಿಲು. ಒಟ್ಟಿನಲ್ಲಿ ನಮ್ಮ ಅಜ್ಜಿಯರು ನೆಲದ ಮೇಲೆ ಕೂತರು. ನೆಲದಿಂದ ಒಂದೂವರೆ ಅಡಿ ಮೇಲೆ ಕೂರುವ ಅಭ್ಯಾಸ ಹಡಗಿನಲ್ಲಿ ಬಂತು. "ಪೀಠೋಪಕರಣ" ಅನ್ನುವ ಪದ ಪಠ್ಯಪುಸ್ತಕ, ಟೆಂಡರ್ ನೋಟಿಸುಗಳಲ್ಲಿ ಬಿಟ್ಟರೆ ಯಾರ ಬಾಯಲ್ಲೂ ನಾನು ಕೇಳಿಲ್ಲ.

ಇನ್ನು ಉಪಕರಣಗಳು. ನನಗೆ ಕನ್ನಡದಲ್ಲಿ ಗೊತ್ತಿದ್ದದ್ದು ಉಳಿ, ಗರಗಸ, ಸುತ್ತಿಗೆ, ಅಷ್ಟೇ. ಕೊಡತಿ, ಬೈರಿಗೆ, ಬಾಚಿ, ಕೀಸುಳಿ, ಮೂಲೆಮಟ್ಟ ಎಲ್ಲ ಹುಡುಕಿ ಕಲಿತದ್ದು. ಗಾಳಾದಲ್ಲಿ ಬೇರೆಯೇ ಭಾಷೆ. ಮೂಲೆಮಟ್ಟಕ್ಕೆ ಗುಣಿಯಾ, ಕೀಸುಳಿಗೆ ರಂಧಾ, ಅಗಲ ಉಳಿಗೆ ಪಟಾಶಿ. ಅಳತೆ ಮಿಲಿಮೀಟರಿನಲ್ಲಿ ಎಂದು ಬೋರ್ಡಿನ ಮೇಲೆ ಬರೆದಿದ್ದರೂ ಮಾಸ್ತರರ ಬಾಯಲ್ಲಿ ಬರುವುದು "ಸೂತ್". ಇಂಚಿನ ಎಂಟನೇ ಒಂದು ಭಾಗ ಒಂದು ಸೂತ್. ಮುಕ್ಕಾಲು ಇಂಚಿನ ಪ್ಲೈವುಡ್ ಅಂದರೆ ಆರು ಸೂತ್. ಅಂಗಡಿಯಲ್ಲಿ ಅದನ್ನೇ 19 ಎಂಎಂ ಅನ್ನುತ್ತಾರೆ. ಬ್ರಿಟಿಷರ ಇಂಚು, ನಮ್ಮ ದಾರ, ಫ್ರೆಂಚರ ಮೀಟರು ಮೂರೂ ಒಂದೇ ಹಲಗೆಯ ಮೇಲೆ ಇನ್ನೂ ಜಗಳವಿಲ್ಲದೆ ಬದುಕಿವೆ.

ಈಗ ಕಲ್ಯಾಣಕ್ಕೆ ಬರೋಣ. ಕ್ರಿ.ಶ. ಒಂದನೇ ಶತಮಾನದ ಗ್ರೀಕ್ ನಾವಿಕನೊಬ್ಬ ಬರೆದ "ಪೆರಿಪ್ಲಸ್" ಎಂಬ ಪುಸ್ತಕದಲ್ಲಿ ಕಲ್ಲಿಯೆನಾ ಎಂಬ ಬಂದರಿನ ಹೆಸರಿದೆ. ಅದು ನಮ್ಮ ಕಲ್ಯಾಣವೇ ಎಂದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಅದೇ ಪುಸ್ತಕದಲ್ಲಿ ಭರೂಚದಿಂದ ಪರ್ಷಿಯನ್ ಕೊಲ್ಲಿಯ ಕಡೆಗೆ ತಾಮ್ರ, ಗಂಧದ ಮರ, ಸಾಗುವಾನಿ ತೊಲೆಗಳು, ಬೀಟೆ ಮತ್ತು ಕರಿಮರದ ದಿಮ್ಮಿಗಳು ಹೋಗುತ್ತಿದ್ದವು ಎಂಬ ಮಾತಿದೆ. ಆರನೇ ಶತಮಾನದಲ್ಲಿ ಕಾಸ್ಮಾಸ್ ಎಂಬ ಇನ್ನೊಬ್ಬ ವ್ಯಾಪಾರಿ, ಕಲ್ಯಾಣದಿಂದ ಹಿತ್ತಾಳೆ, ಶೀಶಮ್ ಮರ ಮತ್ತು ಬಟ್ಟೆ ಹೊರಗೆ ಹೋಗುತ್ತದೆ ಎಂದು ಬರೆದಿದ್ದಾನೆ. ಅಂದರೆ ಇಂದು ಜನರ ನೂಕುನುಗ್ಗಲಿಗೆ ಹೆಸರಾದ ನಮ್ಮ ಕಲ್ಯಾಣ ಒಂದು ಕಾಲದಲ್ಲಿ ಮರದ ದಿಮ್ಮಿಗಳಿಗೆ ಹೆಸರಾಗಿತ್ತು. ಶಿವಾಜಿ ಮಹಾರಾಜರು 1657ರಲ್ಲಿ ಕಲ್ಯಾಣ-ಭಿವಂಡಿಯನ್ನು ಗೆದ್ದ ಮೇಲೆ ಇಲ್ಲಿಯ ಖಾಡಿಯಲ್ಲೇ ಹಡಗು ಕಟ್ಟಿಸಲು ಆರಂಭಿಸಿದರು. ಕೆಲಸಕ್ಕೆ ಪೋರ್ಚುಗೀಸ್ ಕುಶಲಿಗಳೂ ಇದ್ದರು, ಆಮೇಲೆ ಬಿಟ್ಟುಹೋದರು. ಕಲಿತ ನಮ್ಮವರು ಮುಂದುವರಿಸಿದರು. ದುರ್ಗಾಡಿಯ ಪಕ್ಕದ ಸೇತುವೆ ಮೇಲೆ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಾಗಲೆಲ್ಲ ನನಗೆ ಇದೇ ನೆನಪಾಗುತ್ತದೆ. ಟ್ರಾಫಿಕ್ ಬೇಕಾದಷ್ಟು ಇರುವುದರಿಂದ ನೆನಪೂ ಬೇಕಾದಷ್ಟು ಸಲ ಆಗುತ್ತದೆ!

ಮುಂಬಯಿಯ ಹಡಗುಕಟ್ಟೆಯ ಕಥೆ ಹಲವರಿಗೆ ಗೊತ್ತು. 1736ರಲ್ಲಿ ಸೂರತ್‌ನಿಂದ ಲವ್‌ಜಿ ನುಸ್ಸರ್‌ವಾನ್‌ಜಿ ವಾಡಿಯಾ ತನ್ನ ಬಡಗಿಗಳ ಜೊತೆ ಬಂದ. ಅವನ ಮನೆತನ ನೂರಕ್ಕೂ ಹೆಚ್ಚು ವರ್ಷ ಹಡಗು ಕಟ್ಟಿತು. ಅವರು 1817ರಲ್ಲಿ ನೀರಿಗಿಳಿಸಿದ ಟ್ರಿಂಕೋಮಲಿ ಎಂಬ ಹಡಗು ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ಇವತ್ತಿಗೂ ತೇಲುತ್ತಿದೆ. ಓಕ್ ಮರದಲ್ಲಿ ಕಬ್ಬಿಣದ ಮೊಳೆ ತುಕ್ಕು ಹಿಡಿಯುತ್ತದೆ, ಸಾಗುವಾನಿಯ ಎಣ್ಣೆ ಮೊಳೆಯನ್ನೂ ಕಾಪಾಡುತ್ತದೆ, ಗೆದ್ದಲನ್ನೂ ದೂರ ಇಡುತ್ತದೆ. ಇಷ್ಟು ಮರ ಬಂದದ್ದು ಮಲಬಾರ್, ಕನರಾ ಕಾಡುಗಳಿಂದ. ನೌಕಾದಳದ ಹಸಿವು ಎಷ್ಟಿತ್ತೆಂದರೆ 1806ರಲ್ಲೇ ಕ್ಯಾಪ್ಟನ್ ವ್ಯಾಟ್ಸನ್ ಎಂಬವನನ್ನು ಮಲಬಾರಿನ ಸಾಗುವಾನಿ ಕಾಯಲು ಕನ್ಸರ್ವೇಟರ್ ಎಂದು ನೇಮಿಸಿದ್ದರು. 1847ರಲ್ಲಿ ಮುಂಬಯಿ ಪ್ರಾಂತಕ್ಕೆ ಡಾಕ್ಟರ್ ಅಲೆಗ್ಸಾಂಡರ್ ಗಿಬ್ಸನ್ ಆ ಹುದ್ದೆಗೆ ಬಂದ.

ಕನರಾ ಅಂದರೆ ನಮ್ಮ ಉತ್ತರ ಕನ್ನಡ, ದಕ್ಷಿಣ ಕನ್ನಡ. ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. 1956ರವರೆಗೆ ಅದು ಮುಂಬಯಿಯ ಜೊತೆಗೇ ಇತ್ತು. ನನ್ನ ತಾಯಿಯ ತವರು ಹಳಿಯಾಳದ ಕಡೆ. ಅಲ್ಲಿಯ ಹಿರಿಯರು "ಮುಂಬಯಿ ಸರ್ಕಾರ" ಅನ್ನುವುದನ್ನು ನಾನು ಚಿಕ್ಕವಳಿದ್ದಾಗ ಕೇಳಿದ್ದೇನೆ. ಕಾಳಿ ನದಿಯ ಕಾಡುಗಳ ಮರ ಕಾರವಾರಕ್ಕಿಳಿದು ಹಡಗಿನಲ್ಲಿ ಉತ್ತರಕ್ಕೆ ಬಂತು. ಅಳ್ನಾವರದಿಂದ ದಾಂಡೇಲಿಗೆ ರೈಲು ಹಾಕಿದ್ದೂ ಮುಖ್ಯವಾಗಿ ಮರಕ್ಕಾಗಿ. ಆಮೇಲೆ ದಾಂಡೇಲಿಯಲ್ಲಿ ಪ್ಲೈವುಡ್ ಕಾರ್ಖಾನೆ ಬಂತು, ಪೇಪರ್ ಮಿಲ್ಲು ಬಂತು. ನಮ್ಮ ಜನ ಹೊಟ್ಟೆಪಾಡಿಗೆ ಮುಂಬಯಿ ಸೇರುವ ಬಹಳ ಮೊದಲೇ ನಮ್ಮ ಮರಗಳು ಸೇರಿದ್ದವು. ದಕ್ಷಿಣ ಮುಂಬಯಿಯ ಯಾವುದೋ ಹಳೆಯ ಮನೆಯ ಮೆಟ್ಟಿಲಿನ ಕಟಕಟೆ ಹಿಡಿದಾಗ, ಇದು ನಮ್ಮ ಕಡೆಯದೇ ಇರಬಹುದು ಎಂದು ನನ್ನ ಮನಸ್ಸಿಗೆ ಬರುತ್ತದೆ.

ಹತ್ತೊಂಬತ್ತನೇ ಶತಮಾನದ ನಡುವಿಗೆ "ಬಾಂಬೆ ಬ್ಲ್ಯಾಕ್‌ವುಡ್" ಎಂಬ ಕೆತ್ತನೆಯ ಬೀಟೆ ಮರದ ಸೋಫಾ, ಟೇಬಲ್ಲುಗಳು ಯುರೋಪಿಯನ್ನರಲ್ಲಿ, ಪಾರ್ಸಿ ಶ್ರೀಮಂತರಲ್ಲಿ ಪ್ರಸಿದ್ಧವಾದವು. 1851ರ ಲಂಡನ್ ಮಹಾಪ್ರದರ್ಶನಕ್ಕೂ ಹೋದವು. ಒಂದಿಂಚು ಬಿಡದೆ ಬಳ್ಳಿ, ಹಕ್ಕಿ, ಎಲೆ ಕೆತ್ತಿದ ಆ ಸೋಫಾಗಳನ್ನು ನೋಡಿದಾಗ ನನಗೆ ಮೊದಲು ಬಂದ ಯೋಚನೆ, ಇದರ ಧೂಳು ಯಾರು ಒರೆಸುತ್ತಿದ್ದರು ಎಂಬುದು.

ನನ್ನನ್ನು ಹಿಡಿದು ನಿಲ್ಲಿಸಿದ ಪ್ರಶ್ನೆ ಬೇರೆ. ಈ ಕೆಲಸವನ್ನು ಯಾರು ಯಾರಿಗೆ ಕಲಿಸಿದರು?

ಬಹುಕಾಲ ಅಪ್ಪ ಮಗನಿಗೆ, ಮಾವ ಅಳಿಯನಿಗೆ. ಸುತಾರ, ಬಡಗಿ, ಆಚಾರಿ ಮನೆತನಗಳ ಹೊರಗೆ ಅದು ಹೋಗುತ್ತಿರಲಿಲ್ಲ. ಬ್ರಿಟಿಷರು ಬಂದ ಮೇಲೆ ಮೊದಲ ಸಲ "ಕಲಿಸುವ ಜಾಗ" ಎಂಬುದು ಬೇರೆ ಆಯಿತು. ಆದರೆ ಅದು ಯಾರಿಗಾಗಿ ಎಂದು ನೋಡಿದರೆ ಆಶ್ಚರ್ಯವಾಗುತ್ತದೆ. ಭಾರತದ ಮೊದಲ ಅಪ್ರೆಂಟಿಸ್ ಕಾಯ್ದೆ 1850ರದ್ದು. ಅದರ ಉದ್ದೇಶ ಅನಾಥ ಮಕ್ಕಳು, ಧರ್ಮಾರ್ಥದಲ್ಲಿ ಬೆಳೆಯುವ ಬಡಮಕ್ಕಳು ಕಸುಬು ಕಲಿಯಲಿ ಎಂಬುದು. ಆ ಕಾಯ್ದೆಯ ಕೆಳಗೆ 1857ರಲ್ಲಿ ಮುಂಬಯಿಯಲ್ಲಿ ಡೇವಿಡ್ ಸಸೂನ್ ರಿಫರ್ಮೇಟರಿ ಶುರುವಾಯಿತು, ದಾರಿ ತಪ್ಪಿದ ಹುಡುಗರಿಗೆ ಕಸುಬು ಕಲಿಸಲು. ಜೈಲುಗಳಲ್ಲೂ ಮರಗೆಲಸದ ಶಾಲೆಗಳಾದವು. ಮಹಾರಾಷ್ಟ್ರದ ಸರ್ಕಾರಿ ಕಚೇರಿಗಳ ಎಷ್ಟೋ ಮೇಜು-ಕುರ್ಚಿಗಳು ಕೈದಿಗಳ ಕೈಯಿಂದಲೇ ಆದವು. ಅದೇ 1857ರಲ್ಲಿ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಆರಂಭವಾಯಿತು, 1891ರಲ್ಲಿ ಅದರ ಜೊತೆಗೆ ಲಾರ್ಡ್ ರೇ ಹೆಸರಿನ ಕಾರ್ಯಾಗಾರಗಳು ಬಂದವು. 1887ರಲ್ಲಿ ವಿಜೆಟಿಐ ಬಂತು. ಅಲ್ಲಿಂದ ಒಂದು ಗೆರೆ ಬಿತ್ತು. ತಲೆಯಿಂದ ಮಾಡುವ ಎಂಜಿನಿಯರಿಂಗ್ ಒಂದು ಕಡೆ, ಕೈಯಿಂದ ಮಾಡುವ ಮಿಸ್ತ್ರಿಗಿರಿ ಇನ್ನೊಂದು ಕಡೆ.

ಅನಾಥರು, ಬಾಲಾಪರಾಧಿಗಳು, ಕೈದಿಗಳು. ಕಲಿಸುವವರ ಪಟ್ಟಿಯಲ್ಲಿ ಎಲ್ಲರೂ ಇದ್ದರು. ಹೆಣ್ಣುಮಕ್ಕಳು ಇರಲಿಲ್ಲ.

ಎಲ್ಲ ಕಡೆಯೂ ಹೀಗೇ ಇತ್ತೇ? ಇಲ್ಲ. ಸ್ವೀಡನ್ನಿನ ನೇಸ್ ಎಂಬಲ್ಲಿ ಒಟ್ಟೊ ಸಾಲೊಮನ್ ಎಂಬಾತ 1870ರ ದಶಕದಿಂದ "ಸ್ಲಾಯ್ಡ್" ಎಂಬ ಪದ್ಧತಿ ಬೆಳೆಸಿದ. ಮಕ್ಕಳಿಗೆ ಮರಗೆಲಸ ಕಲಿಸುವುದು ಬಡಗಿ ಮಾಡಲಿಕ್ಕಲ್ಲ, ಕಣ್ಣು, ಕೈ, ತಾಳ್ಮೆ ಬೆಳೆಯಲಿಕ್ಕೆ ಎಂಬುದು ಅವನ ವಾದ. ಚಿಕ್ಕ ವಸ್ತುವಿನಿಂದ ದೊಡ್ಡದಕ್ಕೆ, ಚಾಕುವಿನಿಂದ ಗರಗಸಕ್ಕೆ. ಅವನ ಕೋರ್ಸುಗಳಿಗೆ ದೇಶವಿದೇಶದ ಶಿಕ್ಷಕಿಯರು ಬಂದು ಕಲಿತು ಹೋದರು. ಅಮೆರಿಕದ ಬೋಸ್ಟನ್‌ನಲ್ಲಿ 1888ರಲ್ಲಿ ಆದ ಸ್ಲಾಯ್ಡ್ ತರಬೇತಿ ಶಾಲೆಗೆ ಹಣ ಕೊಟ್ಟವರೂ ಒಬ್ಬ ಮಹಿಳೆ, ಪಾಲಿನ್ ಅಗಾಸಿ ಶಾ. ನಮ್ಮಲ್ಲಿ ಗಾಂಧೀಜಿ 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಸಮ್ಮೇಳನ ನಡೆಸಿ, ಕಸುಬಿನ ಮೂಲಕವೇ ಶಿಕ್ಷಣ ಎಂದರು. ಝಾಕಿರ್ ಹುಸೇನ್ ಸಮಿತಿಯ ವರದಿಯಲ್ಲಿ ನೂಲುವುದು, ಕೃಷಿಯ ಜೊತೆಗೆ ಮರಗೆಲಸವೂ ಇತ್ತು. ಓದುತ್ತಾ ಖುಷಿಯಾಯಿತು. ಮುಂದೆ ನೋಡಿದರೆ, ಮೇಲಿನ ತರಗತಿಗಳ ಹುಡುಗಿಯರು ಕಸುಬಿನ ಬದಲು ಗೃಹವಿಜ್ಞಾನ ತೆಗೆದುಕೊಳ್ಳಬಹುದು ಎಂಬ ಅವಕಾಶ. ಅಷ್ಟು ದೊಡ್ಡ ಕ್ರಾಂತಿಯಲ್ಲೂ ನಮಗೆ ಹಿಂಬಾಗಿಲಿನಿಂದ ಅಡುಗೆಮನೆಗೆ ದಾರಿ ತೆರೆದೇ ಇತ್ತು.

ನಮ್ಮ ಕಾಲ ಏನು ದೊಡ್ಡದಾಗಿ ಬದಲಾಗಿತ್ತು? ಎಂಜಿನಿಯರಿಂಗಿನ ಮೊದಲ ವರ್ಷದಲ್ಲಿ ವರ್ಕ್‌ಶಾಪ್ ಎಂಬ ವಿಷಯ ಇರುತ್ತದಲ್ಲ, ಅದರಲ್ಲಿ ಎರಡು ಮರದ ತುಂಡು ಕೂಡಿಸುವ ಒಂದು ಜಾಬ್ ಇತ್ತು. ನಮ್ಮ ಬ್ಯಾಚಿನಲ್ಲಿ ಹುಡುಗರು ಗರಗಸ ಹಿಡಿದರು. "ನೀವು ಜರ್ನಲ್ ನೀಟಾಗಿ ಬರೆಯಿರಿ, ಅಕ್ಷರ ಚೆನ್ನಾಗಿರುತ್ತದೆ" ಎಂದು ಅಲ್ಲಿಯ ಸಹಾಯಕರು ನಮ್ಮನ್ನು ಬೆಂಚಿನ ಆಚೆ ಕೂರಿಸಿದರು. ಮಾರ್ಕ್ಸ್ ಎಲ್ಲರಿಗೂ ಪೂರ್ತಿ ಬಂತು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಆದರೆ ಆ ಗರಗಸ ನನ್ನ ಕೈಗೆ ಬರಲು ಇನ್ನೂ ಹದಿನೈದು ವರ್ಷ ಮತ್ತು ಸಾಕಷ್ಟು ಫೀಸು ಬೇಕಾಯಿತು.

ಉಲ್ಲಾಸನಗರದ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ನಾವು ಅಲ್ಲಿಗೆ ಚೌಕಾಶಿಗೆ ಮಾತ್ರ ಹೋಗುತ್ತೇವೆ. ಎರಡನೇ ಮಹಾಯುದ್ಧದಲ್ಲಿ ಕಲ್ಯಾಣದ ಹತ್ತಿರ ಸೈನಿಕರಿಗಾಗಿ ದೊಡ್ಡ ಟ್ರಾನ್ಸಿಟ್ ಕ್ಯಾಂಪ್ ಕಟ್ಟಿದ್ದರು. ಯುದ್ಧ ಮುಗಿದು ಬರಾಕುಗಳು ಖಾಲಿ ಬಿದ್ದವು. ವಿಭಜನೆಯ ನಂತರ ಸಿಂಧ್ ಬಿಟ್ಟು ಬಂದ ಸುಮಾರು ಒಂದು ಲಕ್ಷ ಜನರನ್ನು ಅಲ್ಲಿ ಇರಿಸಿದರು. ಉದ್ದನೆಯ ಬರಾಕನ್ನು ಗೋಣಿತಟ್ಟು, ಸೀರೆಯಿಂದ ಭಾಗ ಮಾಡಿ ಒಂದೊಂದು ಸಂಸಾರ. 1949ರ ಆಗಸ್ಟ್ 8ರಂದು ಗವರ್ನರ್ ಜನರಲ್ ರಾಜಗೋಪಾಲಾಚಾರಿ ಅಡಿಗಲ್ಲು ಹಾಕಿ, ಕ್ಯಾಂಪ್ ಉಲ್ಲಾಸನಗರವಾಯಿತು. ಇವತ್ತಿಗೂ ರಿಕ್ಷಾದವರು "ಕ್ಯಾಂಪ್ ನಂಬರ್ ಎಷ್ಟು?" ಎಂದೇ ಕೇಳುವುದು.

ಬಂದವರಲ್ಲಿ ಹೆಚ್ಚಿನವರು ವ್ಯಾಪಾರಿಗಳು, ನೌಕರರು, ಜಮೀನುದಾರರು. ಬಡಗಿಗಳಲ್ಲ. ಎಲ್ಲ ಕಳೆದುಕೊಂಡವರಿಗೆ ಮೊದಲು ಬೇಕಾದದ್ದು ಮಲಗಲು ಒಂದು ಮಂಚ, ಕೀಲಿ ಹಾಕಲು ಒಂದು ಪೆಟ್ಟಿಗೆ. ಕೊಳ್ಳುವವರೂ ನಿರಾಶ್ರಿತರು, ಮಾರುವವರೂ ನಿರಾಶ್ರಿತರು. ಸರ್ಕಾರ ಪುನರ್ವಸತಿ ಇಲಾಖೆಯಿಂದ ಕಸುಬಿನ ತರಬೇತಿ ಕೇಂದ್ರಗಳನ್ನು ತೆರೆಯಿತು. ಗಂಡಸರಿಗೆ ಮರಗೆಲಸ, ಲೋಹದ ಕೆಲಸ ಇತ್ಯಾದಿ, ಹೆಂಗಸರಿಗೆ ಹೊಲಿಗೆ, ಕಸೂತಿ. ಅಲ್ಲಿಯ ಹೆಂಗಸರು ಹಪ್ಪಳ, ಉಪ್ಪಿನಕಾಯಿ ಮಾಡಿ ಸಂಸಾರ ನಿಲ್ಲಿಸಿದ ಕಥೆಗಳನ್ನು ಸಿಂಧಿ ಗೆಳತಿಯರ ಬಾಯಲ್ಲಿ ನೀವೂ ಕೇಳಿರುತ್ತೀರಿ. ನೆರೆಹೊರೆಯಲ್ಲಿ ಆಗಲೇ ಅಂಬರನಾಥದ ಆರ್ಡ್ನೆನ್ಸ್ ಫ್ಯಾಕ್ಟರಿ, ಸ್ವೀಡಿಷ್ ಕಂಪನಿಯ ವಿಮ್ಕೊ ಬೆಂಕಿಪೊಟ್ಟಣದ ಕಾರ್ಖಾನೆ ಇದ್ದವು. ಕಲ್ಯಾಣದ ವಖಾರಿಗಳಿಂದ ಮರ, ಮುಂಬಯಿಯಿಂದ ಗಿರಾಕಿ, ಮಧ್ಯದಲ್ಲಿ ಲೋಕಲ್ ರೈಲು. ಉಲ್ಲಾಸನಗರದ ಫರ್ನಿಚರ್ ಬಜಾರ್ ಬೆಳೆದದ್ದು ಹೀಗೆ. ಅಲ್ಲಿಯ ಮಾಲು "ಡುಪ್ಲಿಕೇಟ್" ಎಂದು ನಗುವ ಅಭ್ಯಾಸ ನಮಗಿದೆ. ಡೊಂಬಿವಲಿಯ ಎಷ್ಟು ಮಧ್ಯಮವರ್ಗದ ಸಂಸಾರಗಳ ಮೊದಲ ಮಂಚ ಅಲ್ಲಿಂದ ಬಂತು ಎಂದು ಲೆಕ್ಕ ಹಾಕಿದರೆ ಆ ನಗು ನನಗೆ ಅಷ್ಟು ಸರಿ ಕಾಣುವುದಿಲ್ಲ.

ಇಷ್ಟರಲ್ಲಿ ಸಾಮಗ್ರಿಯೇ ಬದಲಾಯಿತು. 1923ರಲ್ಲಿ ಗೋದ್ರೆಜ್ ಉಕ್ಕಿನ ಕಪಾಟು ತಂದಿತು; ಮದುವೆಯ ಹೆಣ್ಣಿನ ಜೊತೆ ಹೋಗುತ್ತಿದ್ದ ಮರದ ಪೆಟ್ಟಿಗೆಯ ಜಾಗವನ್ನು ಅದು ನಿಧಾನವಾಗಿ ತೆಗೆದುಕೊಂಡಿತು. 1959ರಲ್ಲಿ ಫೆವಿಕಾಲ್ ಬಂತು. ಅದರ ಸ್ಥಾಪಕ ಬಲವಂತರಾಯ್ ಪಾರೇಖ್ ಕಾನೂನು ಓದಿಯೂ ವಕೀಲಿ ಮಾಡದೆ, ಮುಂಬಯಿಯ ಒಬ್ಬ ಮರದ ವ್ಯಾಪಾರಿಯ ಆಫೀಸಿನಲ್ಲಿ ಪ್ಯೂನ್ ಆಗಿ, ಹೆಂಡತಿಯೊಡನೆ ಗೋದಾಮಿನಲ್ಲೇ ವಾಸವಾಗಿದ್ದವರು. ಅದುವರೆಗೆ ಬಡಗಿಗಳು ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ ಸರೇಸನ್ನು ಬೆಂಕಿಯ ಮೇಲೆ ಕಾಯಿಸಿ ಹಚ್ಚುತ್ತಿದ್ದರು. ಅದರ ನಾತ ಮನೆಯೊಳಗೆ ತಡೆಯುವ ಹಾಗಿರಲಿಲ್ಲವಂತೆ. ಕಾಯಿಸಬೇಕಿಲ್ಲದ ಬಿಳಿ ಗೋಂದು ಬಂದ ಮೇಲೆ ಮಿಸ್ತ್ರಿ ನಮ್ಮ ಹಾಲಿನಲ್ಲಿ ಕೂತು ಕೆಲಸ ಮಾಡುವುದು ಸುಲಭವಾಯಿತು. ಜೊತೆಗೆ ಪ್ಲೈವುಡ್, ಸನ್‌ಮೈಕಾ. 1964ರಲ್ಲಿ ಡೊಂಬಿವಲಿಯ ಎಂಐಡಿಸಿ, 1970ರಲ್ಲಿ ಸಿಡ್ಕೊ. ಸಾವಿರಾರು ಚಿಕ್ಕ ಫ್ಲ್ಯಾಟುಗಳು, ಪ್ರತಿ ಫ್ಲ್ಯಾಟಿನ ಗೋಡೆಗೂ ಬೇರೆ ಅಳತೆ.

1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅನುಮತಿಯಿಲ್ಲದೆ ಕಾಡು ಕಡಿಯುವುದನ್ನು ನಿಲ್ಲಿಸಿತು. ಈಶಾನ್ಯ ರಾಜ್ಯಗಳ ಪ್ಲೈವುಡ್ ಉದ್ಯಮ ಕುಸಿಯಿತು, ಹರಿಯಾಣದ ಯಮುನಾನಗರ ಎದ್ದಿತು. ಅಲ್ಲಿಯ ಪ್ಲೈವುಡ್ ಕಾಡಿನದ್ದಲ್ಲ, ಹೊಲದ ಪಾಪ್ಲರ್, ನೀಲಗಿರಿ ಮರದ್ದು. ಉತ್ತರ ಭಾರತದ ರೈತರಿಗೆ ಪಾಪ್ಲರ್ ಬೆಳೆಸುವುದನ್ನು ಹಚ್ಚಿಸಿದ್ದು ಯಾರೆಂದರೆ, ಕಡ್ಡಿಗೆ ಮರ ಹುಡುಕುತ್ತಿದ್ದ ಅದೇ ವಿಮ್ಕೊ. ಅಂಬರನಾಥದ ಬೆಂಕಿಪೊಟ್ಟಣಕ್ಕೂ ನಮ್ಮ ಅಡುಗೆಮನೆಯ ಕಪಾಟಿಗೂ ಇಂಥದ್ದೊಂದು ನಂಟು ಇದೆ ಎಂದು ನಾನು ಎಣಿಸಿರಲಿಲ್ಲ.

ಇನ್ನು ಗಾಳಾದ ಒಳಗೆ. ಮೊದಲ ದಿನ ಗರಗಸ ಕೊಡುವುದಿಲ್ಲ. ಹಲಗೆ ಓದುವುದನ್ನು ಕಲಿಸುತ್ತಾರೆ. ಮರ ಕಡಿದ ಮೇಲೂ ಗಾಳಿಯ ತೇವ ಕುಡಿಯುತ್ತದೆ, ಬಿಡುತ್ತದೆ. ಉದ್ದಕ್ಕೆ ಅದು ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ, ಅಗಲಕ್ಕೆ ಹಿಗ್ಗುತ್ತದೆ, ಕುಗ್ಗುತ್ತದೆ. ಅದರಲ್ಲೂ ವರ್ಷದ ಉಂಗುರದ ಗುಂಟ ಆಗುವ ಬದಲಾವಣೆ, ತಿರುಳಿನಿಂದ ತೊಗಟೆಯ ದಿಕ್ಕಿಗೆ ಆಗುವುದರ ಸುಮಾರು ಎರಡರಷ್ಟು. ಹಳೆಯ ಬಾಗಿಲುಗಳಲ್ಲಿ ಹಲಗೆಯನ್ನು ಚೌಕಟ್ಟಿನ ಗಾಡಿಯಲ್ಲಿ ಅಂಟು ಹಾಕದೆ ಸಡಿಲವಾಗಿ ಬಿಡುತ್ತಿದ್ದದ್ದು ಇದಕ್ಕೇ. ನಮ್ಮ ಕೊಂಕಣದ ಮಳೆಗೆ ಬಾಗಿಲು ಉಬ್ಬಿದಾಗ ನಾವು ಮರವನ್ನು ಬೈಯುತ್ತೇವೆ, ಅದು ತನ್ನ ಸ್ವಭಾವದಂತೆ ಉಸಿರಾಡುತ್ತಿರುತ್ತದೆ.

ಆಮೇಲೆ ಗುರುತು. ಒಂದು ಮುಖ, ಒಂದು ಅಂಚು ಆರಿಸಿಕೊಂಡು ಅವೆರಡನ್ನು ಸಮ ಮಾಡಿ, ಎಲ್ಲ ಅಳತೆಯನ್ನೂ ಅಲ್ಲಿಂದಲೇ ತೆಗೆಯಬೇಕು. ನಡುವೆ ಬೇರೆ ಅಂಚಿನಿಂದ ಅಳೆದರೆ ಕೂದಲಿನಷ್ಟು ವ್ಯತ್ಯಾಸ ಕೂಡುತ್ತಾ ಹೋಗಿ ಕೊನೆಗೆ ಬಾಗಿಲು ಮುಚ್ಚುವುದಿಲ್ಲ. ಸಾಫ್ಟ್‌ವೇರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕತ್ತರಿಸುವ ಗೆರೆಯನ್ನು ಪೆನ್ಸಿಲಿನಿಂದಲ್ಲ, ಚಾಕುವಿನ ಮೊನೆಯಿಂದ ಎಳೆಯುತ್ತಾರೆ. ಪೆನ್ಸಿಲ್ ಗೆರೆಗೆ ದಪ್ಪ ಇದೆ, ಚಾಕುವಿನ ಗೆರೆಗೆ ಇಲ್ಲ. ಮೇಲಾಗಿ ಉಳಿಯ ಬಾಯಿ ಅದರಲ್ಲಿ ತಾನಾಗಿ ಕೂರುತ್ತದೆ. ಚೌಕಟ್ಟು ಸರಿಯಾಗಿದೆಯೇ ನೋಡಲು ಎರಡು ಕರ್ಣಗಳನ್ನು ಅಳೆಯುತ್ತಾರೆ, ಎರಡೂ ಸಮ ಇದ್ದರೆ ಮೂಲೆ ಸರಿ. ಕಾಲಿಗೆ ತೂತು, ಅಡ್ಡಪಟ್ಟಿಗೆ ನಾಲಿಗೆ. ನಾಲಿಗೆಯ ದಪ್ಪ ಮರದ ಮೂರನೇ ಒಂದು ಭಾಗ. ಅದಕ್ಕಿಂತ ದಪ್ಪ ಮಾಡಿದರೆ ತೂತಿನ ಗೋಡೆ ಒಡೆಯುತ್ತದೆ, ತೆಳ್ಳಗಾದರೆ ನಾಲಿಗೆ ಮುರಿಯುತ್ತದೆ. ಮೊಳೆ ಬೇಡ, ತಿರುಪು ಬೇಡ. ಬೆಂಚಿನ ಎತ್ತರ ಗಂಡಸರ ಲೆಕ್ಕದ್ದು. ನನಗೆ ಕಾಲ ಕೆಳಗೆ ಒಂದು ಹಲಗೆ ಹಾಕಿಕೊಡಬೇಕಾಯಿತು. ನಮ್ಮ ಹಳೆಯ ಬಡಗಿಗಳಿಗೆ ಈ ತಾಪತ್ರಯ ಇರಲಿಲ್ಲ. ಅವರು ನೆಲದ ಮೇಲೆ ಕೂತು, ಕಾಲಬೆರಳಿನಿಂದ ಮರ ಹಿಡಿದು ಕೆಲಸ ಮಾಡುತ್ತಿದ್ದರು.

ನಮ್ಮ ಮಾಸ್ತರರು ಸುತಾರ ಮನೆತನದವರು, ಅರವತ್ತು ದಾಟಿದೆ. ನಮ್ಮ ಮೂವರಿಗೂ ಹುಡುಗರಿಗೆ ಕಲಿಸಿದಷ್ಟೇ ಶ್ರದ್ಧೆಯಿಂದ ಕಲಿಸುತ್ತಾರೆ. ಒಂದು ದಿನ ಉಳಿಗೆ ಸಾಣೆ ಹಿಡಿಯುತ್ತಾ ಕೇಳಿದೆ, ನಿಮ್ಮ ಮಗಳಿಗೂ ಕಲಿಸಿದ್ದೀರಾ ಎಂದು. "ಇಲ್ಲ. ಅವಳು ಬ್ಯಾಂಕಿನಲ್ಲಿದ್ದಾಳೆ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಕೇಳುತ್ತಿದ್ದಳು. ಚಿಕ್ಕವಳಿದ್ದಾಗ ಪಕ್ಕದಲ್ಲೇ ಕೂರುತ್ತಿದ್ದಳು" ಎಂದು ಸೇರಿಸಿದರು. ಮಗ ಮಾಡ್ಯುಲರ್ ಕಿಚನ್ ಕೆಲಸದಲ್ಲಿದ್ದಾನೆ. ಕಂಪ್ಯೂಟರಿನಲ್ಲಿ ಅಳತೆ ಹಾಕಿದರೆ ಯಂತ್ರ ಕತ್ತರಿಸಿ ಕೊಡುತ್ತದೆ, ಅವನಿಗೆ ಉಳಿ ಬೇಕಾಗುವುದಿಲ್ಲ. ಹಾಗಾಗಿ ಎಷ್ಟೋ ತಲೆಮಾರಿನ ಕೈಚಳಕ ಈಗ ಶನಿವಾರ ಫೀಸು ಕೊಟ್ಟು ಬರುವ ನಮ್ಮಂಥವರ ಕೈಗೆ, ಅದೂ ಅರೆಬರೆ, ಬರುತ್ತಿದೆ. ಇದು ಒಳ್ಳೆಯದೋ ಕೆಟ್ಟದ್ದೋ ಎಂದು ಒಂದೇ ಮಾತಿನಲ್ಲಿ ಹೇಳಲು ನನಗೆ ಆಗುವುದಿಲ್ಲ. ಆ ಹುಡುಗಿ ಪಕ್ಕದಲ್ಲಿ ಕೂತು ಏನೇನು ನೋಡಿ ಕಲಿತಿರಬಹುದು ಎಂಬುದು ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ.

ಏಕೆಂದರೆ ಬಡಗಿಯ ಮನೆಯಲ್ಲಿ ಹೆಂಗಸರು ಸುಮ್ಮನೆ ಕೂತಿರುತ್ತಿದ್ದರು ಎಂದು ನಾನು ನಂಬುವುದಿಲ್ಲ. ಮರಳುಜ್ಜಿ ಹೊಳಪು ಕೊಡುವುದು, ಅರಗು ಹಚ್ಚುವುದು, ಹಗ್ಗ ಹಿಡಿಯುವುದು ಯಾರೋ ಮಾಡಲೇಬೇಕು. ಅವರ ಹೆಸರು ಎಲ್ಲೂ ಇಲ್ಲ. ಒಂದು ಅಪೂರ್ವ ಅಪವಾದ ನಮ್ಮ ಕನ್ನಡದಲ್ಲೇ ಇದೆ. ಹನ್ನೆರಡನೇ ಶತಮಾನದ ಶರಣರಲ್ಲಿ ಬಾಚಿ ಕಾಯಕದ ಬಸವಯ್ಯ ಎಂಬವರಿದ್ದರು. ಬಾಚಿ ಅಂದರೆ ಮರ ಕೆತ್ತುವ ಉಪಕರಣ, ಅವರದು ಬಡಗಿಯ ಕಾಯಕ. ಅವರ ಹೆಂಡತಿ ಕಾಳವ್ವೆ ಸ್ವತಃ ವಚನಕಾರ್ತಿ. ವಚನ ಸಂಪುಟಗಳಲ್ಲಿ "ಬಾಚಿ ಕಾಯಕದ ಬಸವಯ್ಯಗಳ ಪುಣ್ಯಸ್ತ್ರೀ" ಎಂದು ಗಂಡನ ಹೆಸರಿನ ಜೊತೆಗೇ ಗುರುತು, ಆದರೂ ಮಾತು ಆಕೆಯದೇ. ಕಾಯಕದ ಬಗ್ಗೆ ಮಾತಾಡುವ ಹಕ್ಕು ಬಡಗಿಯ ಮನೆಯ ಹೆಣ್ಣಿಗೆ ಸಿಕ್ಕಿದ ಒಂದು ಕಾಲ ನಮ್ಮಲ್ಲಿ ಇತ್ತು. ನೇಸ್‌ನಲ್ಲಿ ಸ್ಲಾಯ್ಡ್ ಶಾಲೆ ತೆರೆಯುವ ಏಳುನೂರು ವರ್ಷ ಮೊದಲು!

ಕಲಿಯಬೇಕೆನ್ನುವ ಮಕ್ಕಳಿದ್ದರೆ ಒಂದು ಮಾಹಿತಿ. ಸರ್ಕಾರಿ ಐಟಿಐಗಳಲ್ಲಿ ಕಾರ್ಪೆಂಟರ್ ಎಂಬ ಒಂದು ವರ್ಷದ ಟ್ರೇಡ್ ಇದೆ, ಹುಡುಗಿಯರೂ ಸೇರಬಹುದು, ಮಹಾರಾಷ್ಟ್ರದಲ್ಲಿ ಅವರಿಗೆ ಮೀಸಲು ಸೀಟುಗಳೂ ಇವೆ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಸಂಸ್ಥೆ ಇದೆ, ಅಲ್ಲಿ ಆಧುನಿಕ ಯಂತ್ರಗಳ ಮೇಲೆ ಮರಗೆಲಸದ ತರಬೇತಿ ಕೊಡುತ್ತಾರೆ.

ಕೊನೆಯದಾಗಿ ಒಂದು ಪ್ರಸ್ತಾಪ. ಮಹಿಳಾ ವಿಭಾಗದ ಮುಂದಿನ ಪಿಕ್ನಿಕ್ಕಿಗೆ ವಾಟರ್ ಪಾರ್ಕ್ ಬ್ಯಾಡ, ಕಾರ್ಲಾಕ್ಕೆ ಹೋಗೋಣ. ಕಲ್ಯಾಣದಿಂದ ಲೋಣಾವಳೆಗೆ ರೈಲು, ಅಲ್ಲಿಂದ ರಿಕ್ಷಾ. ಮೆಟ್ಟಿಲುಗಳಿವೆ, ಒಳ್ಳೆಯ ಚಪ್ಪಲಿ ಹಾಕಿಕೊಳ್ಳಿ. ಗುಹೆಯ ಮುಂಭಾಗದಲ್ಲಿ ಒಂದು ಪ್ರಾಕೃತ ಶಾಸನವಿದೆ. ಈ ಬಾಗಿಲನ್ನು ಮಾಡಿದವನು ಧೇನುಕಾಕಟದ "ವಢಕಿ" ಸಾಮಿ, ವೇಣುವಾಸನ ಮಗ ಎಂದು ಅದು ಹೇಳುತ್ತದೆ. ಸಂಸ್ಕೃತದ ವರ್ಧಕಿ ಪ್ರಾಕೃತದಲ್ಲಿ ವಢಕಿಯಾಗಿ ಕನ್ನಡದಲ್ಲಿ ಬಡಗಿಯಾಯಿತು. ಮರಾಠಿಯವರು ಸುತಾರ ಎನ್ನುತ್ತಾರೆ, ಹಳೆಯ ಪದವನ್ನು ಉಳಿಸಿಕೊಂಡವರು ನಾವು. ಒಳಗೆ ಹೋದ ಮೇಲೆ ಕಂಬಗಳನ್ನು ನೋಡಿ ಸುಮ್ಮನೆ ತಿರುಗಿ ಬರಬೇಡಿ. ಕಣ್ಣು ಕತ್ತಲೆಗೆ ಹೊಂದುವವರೆಗೆ ನಿಂತು, ತಲೆಯೆತ್ತಿ ಮೇಲಿನ ಕಮಾನು ನೋಡಿ. ಸಾಲಾಗಿ ಬಾಗಿರುವ ಆ ಪಕ್ಕೆಲುಬುಗಳು ಕಲ್ಲಿನವಲ್ಲ, ಸಾಗುವಾನಿಯವು. ಸುಮಾರು ಎರಡು ಸಾವಿರ ವರ್ಷದಿಂದ ಅಲ್ಲೇ ಇವೆ.